ಟಿಶ್ಯೂ ಪೊಟ್ಟಣ ಇಟ್ಟಿದ್ದ ಪುಸ್ತಕ

ನಮ್ಮ ನಲವತ್ತೊಂದನೆಯ ಬ್ಲಾಕಿನ ಒಂಬತ್ತನೆಯ ಮಹಡಿಯಲ್ಲಿ ನನ್ನ ಎದುರು ಬಾಗಿಲಿನವನು ಕ್ವೆಕ್ ಬೂನ್ ಹಾಕ್. ಮೂವತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ನಾನೂ ಹೆಚ್ಚುಕಡಿಮೆ ಅಷ್ಟೇ ವರ್ಷ ಮಕ್ಕಳಿಗೆ ಗಣಿತ ಹೇಳಿ ನಿವೃತ್ತನಾದವನು. ನಮ್ಮಿಬ್ಬರಲ್ಲಿ ವ್ಯತ್ಯಾಸ ಇಷ್ಟೇ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ದುರಭ್ಯಾಸ ನನಗಿದೆ, ಅವನಿಗಿಲ್ಲ.

ಕಂಪ್ಯೂಟರ್ ವಿಷಯದಲ್ಲಿ ಬ್ಲಾಕಿಗೆಲ್ಲ ಅವನೇ ಪಂಡಿತ. ನಿವಾಸಿಗಳ ಸಂಘದ ಕಚೇರಿಯಲ್ಲಿ ಮುದ್ರಣಯಂತ್ರ ಮುನಿಸಿಕೊಂಡಾಗ ಇವನು ಹೋಗಿ ಅದರ ನೆತ್ತಿಗೆ ಒಂದು ಬಾರಿಸಿದನಂತೆ. ಅದು ಹೆದರಿ ಮೂರು ಹಾಳೆ ಉಗುಳಿತಂತೆ. ಹಾಳೂರಿಗೆ ಉಳಿದವನೇ ಗೌಡ. ಅಂದಿನಿಂದ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ಕ್ವೆಕ್‌ನನ್ನು ಕರೆಯುತ್ತಾರೆ, ಅವನು ಹೋದ ಮೇಲೆ ಅಂಗಡಿಯವನನ್ನು ಕರೆಯುತ್ತಾರೆ.

"ಲಿಫ್ಟ್ ಏನು, ಕಂಪ್ಯೂಟರ್ ಏನು ಮೇಷ್ಟ್ರೇ" ಎನ್ನುತ್ತಿದ್ದ. "ಎರಡರಲ್ಲೂ ಗುಂಡಿ ಒತ್ತೋದು, ಕಾಯೋದು, ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಒತ್ತೋದು. ಇದಕ್ಯಾಕೆ ಜನ ಕಾಲೇಜಿಗೆ ಹೋಗ್ತಾರೋ."

ಇಂಥವನಿಗೆ ಒಂದು ದೊಡ್ಡ ಕಥೆ ಇತ್ತು. ಮೂವತ್ತನಾಲ್ಕು ವರ್ಷದ ಹಿಂದೆ ನಮ್ಮ ಬ್ಲಾಕಿನ ಲಿಫ್ಟು ನಾಲ್ಕು ಮತ್ತು ಐದನೆಯ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಒಳಗೆ ಏಳು ಜನ. ಕ್ವೆಕ್ ಛಾವಣಿಯ ಕಿಂಡಿಯಿಂದ ಇಳಿದ, ಹತ್ತೇ ನಿಮಿಷದಲ್ಲಿ ಬಾಗಿಲು ತೆರೆದ, ಏಳು ಜನರನ್ನೂ ಎತ್ತಿ ಎತ್ತಿ ಹೊರಗೆ ಇಟ್ಟ. ಆ ಏಳು ಜನರಲ್ಲಿ ಅವನ ಮುಂದಿನ ಹೆಂಡತಿ ಗೆಕ್ ಲೆಂಗ್ ಒಬ್ಬಳು, ಮುಂದಿನ ಅತ್ತೆ ಸ್ವೀ ಅಜ್ಜಿ ಒಬ್ಬಳು. ಈ ಕಥೆಯನ್ನು ನಾನೊಬ್ಬನೇ ನಾನೂರು ಸಲ ಕೇಳಿದ್ದೇನೆ. ಕೆಳಗೆ ತೆಂಗಿನಹಾಲಿನ ಅನ್ನದ ಮಳಿಗೆ ಇಟ್ಟಿರುವ ಜಲೇಹಾ ದಿನಾ ಬೆಳಿಗ್ಗೆ ಕೇಳುತ್ತಾಳೆ. ಕೇಳುತ್ತ "ಹೂಂ ಅಣ್ಣ, ಹೂಂ ಅಣ್ಣ" ಎನ್ನುತ್ತ ಅವನ ತಟ್ಟೆಗೆ ಮಾತ್ರ ಎರಡು ಮೊಟ್ಟೆ ಇಡುತ್ತಾಳೆ. ನನಗೆ ಒಂದೇ. ನಾನು ಅಲ್ಲಿಗೆ ಇಪ್ಪತ್ತು ವರ್ಷದ ಗಿರಾಕಿ, ಆದರೂ ಒಂದೇ.

ಕಥೆಯನ್ನು ನಂಬದೇ ಇದ್ದವನು ಒಬ್ಬನೇ, ಅವನ ಹೆಂಡತಿಯ ಅಣ್ಣ ಟೆಕ್ ಹೋ. ಕುಟುಂಬದ ಯಾವ ಊಟವೇ ಆಗಲಿ, ಸೂಪು ಬರುವ ಹೊತ್ತಿಗೆ ಕ್ವೆಕ್ ಲಿಫ್ಟಿನ ಕಥೆ ಶುರು ಮಾಡುತ್ತಿದ್ದ, ಮೀನು ಬರುವ ಹೊತ್ತಿಗೆ ಟೆಕ್ ಹೋ "ಹತ್ತು ನಿಮಿಷಾನಾ ಭಾವ? ಹೋದ ವರ್ಷ ಹದಿನೈದು ಅಂದಿದ್ರಿ" ಎನ್ನುತ್ತಿದ್ದ. ಮೇಜೆಲ್ಲ ನಗುತ್ತಿತ್ತು. ಮೂವತ್ತನಾಲ್ಕು ವರ್ಷ ಹೀಗೆಯೇ ಮೀನು ತಿಂದವನ ಹೊಟ್ಟೆಯಲ್ಲಿ ಮುಳ್ಳೆಷ್ಟು ಉಳಿದಿರಬೇಡ.

ಹೀಗಿರುವಾಗ ನಮ್ಮ ಬಡಾವಣೆಯ ಹಳೆಯ ನೆನಪುಗಳ ಒಂದು ಪುಸ್ತಕ ಬಂತು. ಯಾರೋ ವಿದ್ವಾಂಸರು ಮುದುಕ ಮುದುಕಿಯರನ್ನು ಮಾತಾಡಿಸಿ ಬರೆದದ್ದು. ಅಚ್ಚಾದ ಪ್ರತಿಗಳೆಲ್ಲ ಮಾರಿಹೋಗಿದ್ದವು. ಗ್ರಂಥಾಲಯದಲ್ಲಿ ಕಂಪ್ಯೂಟರಿನಲ್ಲಿ ಓದುವ ಪ್ರತಿ ಇತ್ತು, ಅದೂ ಒಂದೇ. ಒಬ್ಬರು ಇಪ್ಪತ್ತೊಂದು ದಿನ ಇಟ್ಟುಕೊಳ್ಳಬಹುದು, ಆಮೇಲೆ ಸಾಲಿನಲ್ಲಿ ಮುಂದಿನವರಿಗೆ. ಪರಿವಿಡಿಯನ್ನು ಮಾತ್ರ ಯಾರು ಬೇಕಾದರೂ ನೋಡಬಹುದಿತ್ತು. ಅದರಲ್ಲಿ ಏಳನೆಯ ಅಧ್ಯಾಯದ ಹೆಸರು: ‘ನಲವತ್ತೊಂದನೆಯ ಬ್ಲಾಕಿನ ಲಿಫ್ಟ್ ವೀರ’.

ಅದನ್ನು ನೋಡಿದ ದಿನ ಕ್ವೆಕ್ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಬಂದ. ಸಂತೋಷಕ್ಕೆ ಜಾಗ ಸಾಲದೆ ಹಾಗೆ ಮಾಡಿದನೆಂದು ಕಾಣುತ್ತದೆ.

"ಅಚ್ಚಾಗಿದೆ ಮೇಷ್ಟ್ರೇ. ಅಚ್ಚಾದ್ಮೇಲೆ ಯಾವನೂ ಮಾತಾಡೋ ಹಾಗಿಲ್ಲ. ಶನಿವಾರ ಅತ್ತೆಯ ಎಂಬತ್ತನೇ ಹುಟ್ಟುಹಬ್ಬದ ಊಟ ಇಟ್ಕೊಂಡಿದ್ದೀವಲ್ಲ, ಅಲ್ಲೇ ಎದ್ದು ನಿಂತು ಓದ್ತೀನಿ. ಟೆಕ್ ಹೋನಿಗೆ ಆಗಲೇ ಹೇಳ್ಬಿಟ್ಟೆ. ಬಾಯಿ ಮುಚ್ಕೊಂಡು ಕೂರೋಕೆ ತಯಾರಾಗಿ ಬಾ ಅಂದೆ."

ಗೆಕ್ ಲೆಂಗ್ ಒಳಗಿನಿಂದ ಮೆಲ್ಲಗೆ, "ಅದನ್ನ ಓದ್ಲೇಬೇಕೇನ್ರೀ?" ಎಂದಳು.

"ನೋಡಿ, ಇವಳಿಗೆ ನಾಚಿಕೆ" ಎಂದ ಕ್ವೆಕ್.

ಸೋಮವಾರ ಬೆಳಿಗ್ಗೆ ಅವನ ಸರದಿ ಬಂತು. ಬಂದ ಅರ್ಧ ಗಂಟೆಗೆ ನನ್ನ ಬಾಗಿಲು ಬಡಿದ.

"ಮೇಷ್ಟ್ರೇ, ಪುಸ್ತಕ ಬಂತು. ಆದ್ರೆ ಗಣಿತದಲ್ಲಿ ಬಂದಿದೆ. ನೀವೇ ನೋಡ್ಬೇಕು."

ಹೋಗಿ ನೋಡಿದೆ. ಪರದೆಯ ಮೇಲೆ ಸೊಟ್ಟ ಆವರಣಚಿಹ್ನೆಗಳು, ನಡುವೆ ಒಂದಕ್ಕೊಂದು ಅಂಟಿಕೊಂಡ ಅಕ್ಷರಗಳು, ಕೊನೆಗೆ ಒಂದು ಸಮಚಿಹ್ನೆ. ಮೂವತ್ತು ಸಾಲು, ಅಷ್ಟೇ.

"ಇದು ಗಣಿತ ಅಲ್ಲ ಕ್ವೆಕ್."

"ಹಾಗಾದ್ರೆ ತಮಿಳಾ?"

"ನಮ್ಮಪ್ಪ ತಮಿಳು ಮಾಸ್ತರು. ಅವರ ಆತ್ಮಕ್ಕೆ ನೋವು ಮಾಡ್ಬೇಡ."

ಕಡತದ ತೂಕ ನೋಡಿದರೆ ಎರಡು ಕಿಲೋಬೈಟು. ಇನ್ನೂರ ನಲವತ್ತು ಪುಟದ ಪುಸ್ತಕ ಅಷ್ಟರಲ್ಲಿ ಹೇಗೆ ಹಿಡಿಯಿತು ಎಂದು ಕೇಳಿದೆ. "ನಮ್ಮನ್ನ ಈ ಮೂರು ಕೋಣೆಯಲ್ಲಿ ಹಿಡಿಸಿಲ್ವಾ ಮೇಷ್ಟ್ರೇ, ಒತ್ತಿ ತುಂಬಿರ್ತಾರೆ" ಎಂದ. ಆಮೇಲೆ ತನ್ನ ಪಾಂಡಿತ್ಯವನ್ನೆಲ್ಲ ಪ್ರಯೋಗಿಸಿದ. ಕಂಪ್ಯೂಟರನ್ನು ನಾಲ್ಕು ಸಲ ಆರಿಸಿ ಹೊತ್ತಿಸಿದ. ಕಡತದ ಹೆಸರು ಬದಲಾಯಿಸಿದ. ಮುದ್ರಿಸಿ ಹಾಳೆಯನ್ನು ಕನ್ನಡಿಗೆ ಹಿಡಿದು ನೋಡಿದ. ಬಿಸಿಲಿಗೂ ಹಿಡಿದ. ಯಾವುದಕ್ಕೂ ಜಗ್ಗದಿದ್ದಾಗ, "ಈ ಗ್ರಂಥಾಲಯದವರಿಗೆ ಪುಸ್ತಕ ಕಟ್ಟೋಕೆ ಬರಲ್ಲ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಊಟದ ಮೇಜಿನಲ್ಲಿ ಬಿಗಿದ ಉಪ್ಪಿನಕಾಯಿ ಬಾಟಲಿಯನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತೇವಲ್ಲ, ಕ್ವೆಕ್ ಹಾಗೆ ಮಾಡಿದ. ಆ ಪುಟ್ಟ ಕಡತವನ್ನು ಫೋನಿನಲ್ಲಿ ಬ್ಲಾಕಿನ ಬಳಗಕ್ಕೂ ತನ್ನ ಕುಟುಂಬದ ಬಳಗಕ್ಕೂ ಕಳಿಸಿ, "ಎಲ್ಲರೂ ಒಂದೊಂದು ಸಲ ತೆರೆಯಲು ಪ್ರಯತ್ನಿಸಿ. ತೆರೆದವರು ತಿಳಿಸಿ" ಎಂದು ಬರೆದ. ಒಟ್ಟು ಅರವತ್ತನಾಲ್ಕು ಜನ.

ಉತ್ತರಗಳು ಬಂದವು. ಜಲೇಹಾ: "ನನ್ನ ಫೋನಲ್ಲಿ ಬರ್ತಿಲ್ಲ ಅಣ್ಣ. ನಾಳೆಗೆ ಖಾರ ಜಾಸ್ತಿ ಇಡ್ಲಾ?" ಮೂರನೆಯ ಮಹಡಿಯ ಒಬ್ಬರು ಇದು ಮೋಸಗಾರರ ಕೆಲಸವಿರಬಹುದು, ಯಾರೂ ಮುಟ್ಟಬೇಡಿ ಎಂದು ಎಚ್ಚರಿಸಿದರು. ಟೆಕ್ ಹೋ: "ಬಾಗಿಲು ತೆರೀತಿಲ್ವಾ ಭಾವ? ಛಾವಣಿ ಕಿಂಡಿಯಿಂದ ಇಳಿದು ನೋಡಿ." ಸ್ವೀ ಅಜ್ಜಿ ದಿನಾ ಕಳಿಸುವಂತೆ ಕಮಲದ ಹೂವಿನ ಚಿತ್ರವನ್ನು ‘ಶುಭ ಸೋಮವಾರ’ ಎಂದು ಕಳಿಸಿದಳು. ತೆರೆದೆ ಎಂದು ಯಾರೂ ಹೇಳಲಿಲ್ಲ.

ಮಾರನೆಯ ದಿನ ನಾನೇ ಗ್ರಂಥಾಲಯದ ಸಹಾಯದ ಪುಟವನ್ನು ಓದಿದೆ. ಸೂಚನೆ ಓದುವುದು ಸೋಲೊಪ್ಪಿದಂತೆ ಎಂಬುದು ಕ್ವೆಕ್‌ನ ಸಿದ್ಧಾಂತವಾದ್ದರಿಂದ ಅವನು ಅತ್ತ ಮುಖ ಮಾಡಿರಲಿಲ್ಲ. ಬೀಗ ಹಾಕಿದ ಪುಸ್ತಕ ಓದಲು ಒಂದು ಬೇರೆ ತಂತ್ರಾಂಶ ಬೇಕಂತೆ. ಅದನ್ನು ಇಳಿಸಿಕೊಂಡೆವು, ಅವನ ಹೆಸರಿನಲ್ಲಿ ಖಾತೆ ತೆರೆದೆವು, ಗುಪ್ತಪದಕ್ಕೆ ಅವನು ‘ವೀರ’ ಎಂದು ಇಟ್ಟ. ಎಲ್ಲ ಆಗಿ ಆ ಪುಟ್ಟ ಕಡತವನ್ನು ಒತ್ತಿದರೆ ಪರದೆ ಹೇಳಿತು: ‘ಇದನ್ನು ಈಗಾಗಲೇ ಬೇರೊಬ್ಬರು ತೆರೆದಿದ್ದಾರೆ.’

ಕ್ವೆಕ್ ಹಿಂತಿರುಗಿ ಬಾಗಿಲಿನ ಕಡೆ ನೋಡಿದ.

ಗ್ರಂಥಾಲಯದ ಹಸ್ಲಿಂಡಾ ಎಂಬಾಕೆ ನಮ್ಮ ಮಾತನ್ನೆಲ್ಲ ಸಮಾಧಾನವಾಗಿ ಕೇಳಿದಳು. ಇಂಥ ಹತ್ತು ಮುದುಕರನ್ನು ದಿನಾ ನೋಡುತ್ತಾಳೆಂದು ಕಾಣುತ್ತದೆ.

"ಅಂಕಲ್, ನಿಮಗೆ ಬಂದ ಆ ಸಣ್ಣ ಕಡತ ಪುಸ್ತಕ ಅಲ್ಲ. ಊಟದ ಮಳಿಗೆಯಲ್ಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟು ತಿಂಡಿ ತರೋಕೆ ಹೋಗ್ತೀರಲ್ಲ, ಅದು ಇದು. ಈ ಜಾಗ ನಂದು ಅನ್ನೋ ಗುರುತು ಅಷ್ಟೆ. ಯಾರು ಮೊದಲು ತಂತ್ರಾಂಶದಲ್ಲಿ ಅದನ್ನ ತೆರೀತಾರೋ ಅವರ ಹೆಸರಿಗೆ ಪುಸ್ತಕದ ಬೀಗ ಬೀಳುತ್ತೆ. ಬೇರೆಯವರಿಗೆ ಬಿಚ್ಚಲ್ಲ. ನೀವು ಅದನ್ನ ಯಾರಿಗಾದ್ರೂ ಕೊಟ್ರಾ?"

"ಬೇಕಾದವರಿಗೆ ಮಾತ್ರ."

"ಎಷ್ಟು ಜನ?"

"ಅರವತ್ನಾಲ್ಕು."

ಅವಳು ಒಂದು ಕ್ಷಣ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡಳು. "ಯಾರು ತೆರೆದ್ರು ಅಂತ ನಮಗೆ ಕಾಣಿಸಲ್ಲ ಅಂಕಲ್. ಅವರೇ ವಾಪಸ್ ಕೊಡ್ಬೇಕು, ಇಲ್ಲ ಇಪ್ಪತ್ತೊಂದು ದಿನ ಕಾಯ್ಬೇಕು."

ಬೇರೆ ಯಾರಾದರೂ ಆಗಿದ್ದರೆ ತನ್ನ ತಪ್ಪಿಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಕ್ವೆಕ್‌ನ ತಲೆಯಲ್ಲಿ ಉಳಿದದ್ದು ಒಂದೇ ಮಾತು, ಟಿಶ್ಯೂ ಪೊಟ್ಟಣ. ಅವನ ಮುಖ ಕೆಂಪಾಯಿತು. ನಮ್ಮ ಊರಿನಲ್ಲಿ ಎರಡು ಸಾವಿರ ಡಾಲರಿನ ಫೋನನ್ನು ಮೇಜಿನ ಮೇಲೆ ಬಿಟ್ಟುಹೋಗಬಹುದು, ಛತ್ರಿ ಬಿಟ್ಟುಹೋಗಬಹುದು, ಒಂದು ಹಿಡಿ ಟಿಶ್ಯೂ ಬಿಟ್ಟುಹೋದರೂ ಆ ಕುರ್ಚಿಯಲ್ಲಿ ಮಂತ್ರಿ ಬಂದರೂ ಕೂರುವುದಿಲ್ಲ. ಬರೆದ ಕಾನೂನಲ್ಲ ಅದು, ಅದಕ್ಕೇ ಎಲ್ಲರೂ ಪಾಲಿಸುತ್ತಾರೆ.

"ಟಿಶ್ಯೂ ಇಟ್ಟ ಮೇಜಿಗೆ ಕೂತಿದ್ದಾರೆ ಮೇಷ್ಟ್ರೇ" ಎಂದ, ದಾರಿಯುದ್ದಕ್ಕೂ. "ನಮ್ಮ ಬ್ಲಾಕಿನವರು. ನಾನು ಲಿಫ್ಟ್ ರಿಪೇರಿ ಮಾಡಿಕೊಟ್ಟ ಬ್ಲಾಕಿನವರು."

"ನೀನೇ ಎಲ್ಲರೂ ತೆರೀರಿ ಅಂತ ಬರೆದಿದ್ಯಲ್ಲಪ್ಪ."

"ತೆರೀರಿ ಅಂದೆ. ಕೂತ್ಕೊಳ್ಳಿ ಅಂದ್ನಾ?"

ಸಂಜೆಗೆ ಲಿಫ್ಟಿನೊಳಗೆ ಒಂದು ಚೀಟಿ ಅಂಟಿತ್ತು: ‘ನಿವಾಸಿಗಳ ಗಮನಕ್ಕೆ. ಸೋಮವಾರ ನಮ್ಮಲ್ಲೊಬ್ಬರು ಟಿಶ್ಯೂ ಪೊಟ್ಟಣ ಇಟ್ಟಿದ್ದ ನನ್ನ ಜಾಗದಲ್ಲಿ ಕೂತಿದ್ದಾರೆ. ಶುಕ್ರವಾರದೊಳಗೆ ಎದ್ದರೆ ಹೆಸರು ಬಯಲು ಮಾಡುವುದಿಲ್ಲ. ಕ್ವೆಕ್, ಒಂಬತ್ತನೆಯ ಮಹಡಿ.’

ಪುಸ್ತಕದ ಸುದ್ದಿ ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇಡೀ ಬ್ಲಾಕು ಹಾಗೆ ಮಾಡಿತು. ಸೋಮವಾರ ನಾನು ಎಲ್ಲಿ ಕೂತಿದ್ದೆ, ಮೇಜಿನ ಮೇಲೆ ಏನಿತ್ತು ಎಂದು ಲಿಫ್ಟಿನಲ್ಲಿ ಜನ ಪಿಸುಗುಟ್ಟತೊಡಗಿದರು. ಬುಧವಾರ ಬೆಳಿಗ್ಗೆ ಕ್ವೆಕ್‌ನ ಕಬ್ಬಿಣದ ಗೇಟಿಗೆ ಯಾರೋ ಹೊಸ ಟಿಶ್ಯೂ ಪೊಟ್ಟಣ ಸಿಕ್ಕಿಸಿ ಹೋಗಿದ್ದರು. ಮಧ್ಯಾಹ್ನಕ್ಕೆ ಐದಾದವು. ಹನ್ನೆರಡನೆಯ ಮಹಡಿಯ ಒಬ್ಬ ಹಿರಿಯರು ಕೈಮುಗಿದುಕೊಂಡು ಬಂದು, ಎಂಟು ವರ್ಷದ ಹಿಂದೆ ಮೀನುಂಡೆ ಮಳಿಗೆಯ ಎದುರು ಒಂದು ನೀಲಿ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ ಕೂತದ್ದು ನಿಜ, ಅವತ್ತಿನಿಂದ ಊಟ ಸರಿಯಾಗಿ ಮೈಗೆ ಹತ್ತಿಲ್ಲ ಎಂದರು.

"ಅದು ನನ್ನದಲ್ಲ" ಎಂದ ಕ್ವೆಕ್.

"ಯಾರದ್ದಾದ್ರೂ ಇರ್ಲಿ. ನೀವು ಕ್ಷಮಿಸಿದೆ ಅಂದ್ಬಿಡಿ."

ಅವನು ಕ್ಷಮಿಸಿದ. ಆ ಹಿರಿಯರು ಹಗುರಾಗಿ ಹೋದರು. ಗುರುವಾರದ ಹೊತ್ತಿಗೆ ಹನ್ನೊಂದು ಪೊಟ್ಟಣ ಸೇರಿದ್ದವು, ಪುಸ್ತಕ ಮಾತ್ರ ಇಲ್ಲ.

ಆಮೇಲೆ ಬಡಾವಣೆ ಕಚೇರಿಯ ಅಧಿಕಾರಿಯೊಬ್ಬ ಬಂದ. ಲಿಫ್ಟಿನಲ್ಲಿ ಅನುಮತಿ ಇಲ್ಲದೆ ಚೀಟಿ ಅಂಟಿಸಿದ್ದಾರೆಂದು ದೂರು ಹೋಗಿತ್ತಂತೆ. ಕ್ವೆಕ್ ಅವನನ್ನು ಕೂರಿಸಿ ಮೊದಲಿನಿಂದ ಎಲ್ಲವನ್ನೂ ಹೇಳಿದ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ.

"ಒಂದೇ ಪ್ರತಿ ಅಂತೀರಾ?"

"ಒಂದೇ."

"ಅದಕ್ಕೇ ಯಾರೋ ಟಿಶ್ಯೂ ಸರಿಸಿ ಕೂತ್ರು ಅಂತೀರಾ? ಹಾಗಾದ್ರೆ ಭಾರಿ ಪುಸ್ತಕಾನೇ ಇರ್ಬೇಕು." ಅಲ್ಲೇ ಫೋನ್ ತೆಗೆದು ತನ್ನ ಹೆಸರನ್ನೂ ಸರದಿಗೆ ಹಾಕಿಕೊಂಡು, ಚೀಟಿ ಕೀಳಿಸಿ ಹೋದ.

ಅಲ್ಲಿಂದ ಸುದ್ದಿ ಹಬ್ಬಿತು. ನಮ್ಮ ಜನಕ್ಕೆ ಸಾಲು ಕಂಡರೆ ಸಾಕು, ಮೊದಲು ನಿಲ್ಲುತ್ತಾರೆ, ಆಮೇಲೆ ಮುಂದೆ ಏನು ಕೊಡುತ್ತಿದ್ದಾರೆ ಎಂದು ವಿಚಾರಿಸುತ್ತಾರೆ. ಸೋಮವಾರ ಯಾರೂ ಇಲ್ಲದಿದ್ದ ಸರದಿಯಲ್ಲಿ ಗುರುವಾರ ಸಂಜೆ ಮೂವತ್ತು ಜನ, ಶುಕ್ರವಾರ ಎಂಬತ್ತಾರು.

"ನೀವೂನಾ?" ಎಂದು ಜಲೇಹಾಳನ್ನು ಕೇಳಿದೆ.

"ಏನು ಪುಸ್ತಕ ಅಂತ ಗೊತ್ತಿಲ್ಲ ಮೇಷ್ಟ್ರೇ. ಎಲ್ಲರೂ ನಿಂತಿದ್ರು, ನಾನೂ ನಿಂತೆ."

ಶುಕ್ರವಾರ ಸಂಜೆ ಕ್ವೆಕ್ ತನ್ನ ಬಾಗಿಲ ಹೊರಗೆ ಚಪ್ಪಲಿ ಗೂಡಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಹನ್ನೊಂದು ಪೊಟ್ಟಣ. ಗೆಕ್ ಲೆಂಗ್ ಬಾಗಿಲಿಗೆ ಒರಗಿ, "ಹೋಗ್ಲಿ ಬಿಡ್ರೀ. ನಾಳೆ ಅಮ್ಮನ ಜೊತೆ ಕೂತು ನೂಡಲ್ಸ್ ತಿಂದು ಬರೋಣ" ಎನ್ನುತ್ತಿದ್ದಳು.

"ನಿನಗೇನು ಗೊತ್ತು. ಮೂವತ್ನಾಲ್ಕು ವರ್ಷ ನಿಮ್ಮಣ್ಣ ಎಲ್ಲರೆದುರು ನನ್ನ ಬುರುಡೆ ದಾಸ ಅಂತಾನೆ. ನಾನು ನಗ್ತೀನಿ. ಮನೆಗೆ ಬಂದು ನಿದ್ದೆ ಬರಲ್ಲ. ಒಂದೇ ಒಂದ್ಸಲ, ಅವನು ನನ್ನ ಮುಖ ನೋಡಿ ಸುಮ್ನೆ ಕೂರ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

ನನಗೆ ಪಾಪ ಎನಿಸಿತು. ಆ ಹೊತ್ತಿನಲ್ಲಿ ಅವನಿಗೋಸ್ಕರ ಬ್ಲಾಕಿನ ಮನೆಮನೆಯ ಕದ ತಟ್ಟಲೂ ನಾನು ತಯಾರಿದ್ದೆ, ಆದರೆ ಅವನು ಆಗಲೇ ತಟ್ಟಿ ಮುಗಿಸಿದ್ದ. ಗೆಕ್ ಲೆಂಗ್ ಏನೋ ಹೇಳಲು ಬಾಯಿ ತೆರೆದು, ಹೇಳದೆ ಒಳಗೆ ಹೋದಳು.

ಶನಿವಾರ ಊಟಕ್ಕೆ ನನ್ನನ್ನೂ ಕರೆದಿದ್ದರು. ಗುಂಡು ಮೇಜಿಗೆ ಹತ್ತು ಜನ ಬೇಕು, ಅವರಲ್ಲಿ ಒಂಬತ್ತೇ ಜನ ಇದ್ದರು. ಸ್ವೀ ಅಜ್ಜಿ ಕೆಂಪು ರೇಷ್ಮೆಯ ಅಂಗಿ ತೊಟ್ಟು ನಡುವೆ ಕೂತಿದ್ದಳು. ಕಾಲ ಬಳಿ ಅವಳ ದೊಡ್ಡ ಕೈಚೀಲ. ಸೂಪು ಬಂತು. ಕ್ವೆಕ್ ಬಾಯಿ ಬಿಡಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಸೂಪು ಮೌನವಾಗಿ ಮುಗಿಯಿತು. ಟೆಕ್ ಹೋ ಮೀನು ಬರುವ ತನಕ ತಾಳ್ಮೆಯಿಂದ ಕಾದ.

"ಎಲ್ಲಿ ಭಾವ, ಪುಸ್ತಕ? ಬಾಯಿ ಮುಚ್ಕೊಳ್ಳೋಕೆ ತಯಾರಾಗಿ ಬಂದಿದ್ದೀನಿ. ಪುಸ್ತಕವೂ ಲಿಫ್ಟಲ್ಲಿ ಸಿಕ್ಕಾಕೊಂಡಿದ್ಯಾ?"

ಮೇಜೆಲ್ಲ ನಕ್ಕಿತು. ಕ್ವೆಕ್ ಎದ್ದು ನಿಂತ. ಕೈಯಲ್ಲಿ ಏನೂ ಇರಲಿಲ್ಲವಾದ್ದರಿಂದ ಟಿಶ್ಯೂ ಪೊಟ್ಟಣವೊಂದನ್ನು ಹಿಡಿದುಕೊಂಡಿದ್ದ. "ಪುಸ್ತಕ ನನ್ನ ಹತ್ರ ಇಲ್ಲ. ಸೋಮವಾರ ಯಾರೋ..." ಎಂದು ಶುರು ಮಾಡಿದ.

"ಯಾವ ಪುಸ್ತಕ?" ಎಂದಳು ಸ್ವೀ ಅಜ್ಜಿ. ಬಗ್ಗಿ ಕೈಚೀಲದಿಂದ ಟ್ಯಾಬ್ಲೆಟ್ ತೆಗೆದಳು. ಕಮಲದ ಚಿತ್ರದ ಹೊದಿಕೆ. "ಇದಾ?"

ಕ್ವೆಕ್ ಕೈಯಲ್ಲಿದ್ದ ಪೊಟ್ಟಣ ಮೀನಿನ ತಟ್ಟೆಗೆ ಬಿತ್ತು.

"ನೀನೇ ಕಳಿಸಿದ್ಯಲ್ಲಪ್ಪ ಸೋಮವಾರ. ಹುಟ್ಟುಹಬ್ಬಕ್ಕೆ ಉಡುಗೊರೆ ಅಂದ್ಕೊಂಡೆ. ಅಳಿಯ ಎಂದೂ ಇಂಥದ್ದು ಕೊಟ್ಟವನಲ್ಲ, ಸಂತೋಷ ಆಯ್ತು. ಒತ್ತಿದೆ, ತೆರ್ಕೊಳ್ತು. ಗ್ರಂಥಾಲಯದಲ್ಲಿ ಮುದುಕರಿಗೆ ಅಂತ ಪಾಠ ಮಾಡ್ತಾರಲ್ಲ, ಅಲ್ಲಿ ಹೇಳ್ಕೊಟ್ಟಿದ್ರು. ಎರಡು ಸಲ ಓದಿದೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಒಂದು ಇಡೀ ಬ್ಲಾಕು ಪಾಪ ಒಪ್ಪಿಕೊಂಡಿದ್ದು ಈ ಅಜ್ಜಿಯ ಕೈಚೀಲಕ್ಕಾಗಿ.

"ಅತ್ತೆ, ಅತ್ತೆ, ಏಳನೇ ಅಧ್ಯಾಯ. ಇಲ್ಲಿ ಕೊಡಿ" ಎಂದು ಕ್ವೆಕ್ ಎರಡೂ ಕೈ ಚಾಚಿದ.

"ನಿನ್ನ ಕೈಗೆ ಕೊಡಲ್ಲ, ನೀನು ಏನಾದ್ರೂ ಒತ್ತಿಬಿಡ್ತೀಯ. ನಾನೇ ಓದ್ತೀನಿ. ಹೇಳಿದ್ದೂ ನಾನೇ ತಾನೆ."

"ಹೇಳಿದ್ದು ನೀವಾ?"

"ಮತ್ತಿನ್ಯಾರು? ಆ ಬರೆಯೋ ಹೆಂಗಸು ಬಂದು ಎರಡು ದಿನ ಕೂತಿದ್ಲು. ಚಹಾನೂ ಸಕ್ಕರೆ ಇಲ್ದೇನೇ ಕುಡೀತಿದ್ಲು, ಒಳ್ಳೇ ಹುಡುಗಿ."

ಗೆಕ್ ಲೆಂಗ್ ತನ್ನ ತಟ್ಟೆಯ ಮೀನನ್ನೇ ನೋಡುತ್ತಿದ್ದಳು. ಕ್ವೆಕ್‌ನ ಮುಖದಲ್ಲಿ ಏನೋ ಬದಲಾಯಿತು. ಒಂದು ಸುಳ್ಳನ್ನು ಸಾವಿರ ಸಲ ಹೇಳಿದರೆ ಹೇಳಿದವನಿಗೇ ಅದು ನಿಜವಾಗಿಬಿಡುತ್ತದೆ. ಮೂವತ್ತನಾಲ್ಕು ವರ್ಷದ ಹಿಂದೆ ಆ ಲಿಫ್ಟಿನಲ್ಲಿ ನಡೆದದ್ದು ಅವನಿಗೆ ಆ ಗಳಿಗೆಯಲ್ಲಿ, ಆ ಕುರ್ಚಿಯಲ್ಲಿ ಮೊದಲ ಸಲ ನೆನಪಾಯಿತು. ಅವನು ಮೆಲ್ಲಗೆ ಕೂತ.

ಅಜ್ಜಿ ಕನ್ನಡಕ ಏರಿಸಿಕೊಂಡು ಓದಿದಳು.

"‘ಲಿಫ್ಟು ನಿಂತು ಅರ್ಧ ಗಂಟೆ ಆಗಿತ್ತು. ಒಳಗೆ ನಾವು ಏಳು ಜನ. ಆಗ ಛಾವಣಿ ಕಿಂಡಿ ತೆಗೆದು ಒಬ್ಬ ಹುಡುಗ ಹಲಸಿನ ಹಣ್ಣು ಬಿದ್ದಂಗೆ ದೊಪ್ ಅಂತ ಬಿದ್ದ. ಕಿಂಡಿ ಮೇಲಿಂದ ಮುಚ್ಕೊಳ್ತು. ನಮ್ಮನ್ನ ಹೊರಗೆ ಕರ್ಕೊಂಡು ಹೋಗೋಕೆ ಬಂದ್ಯೇನಪ್ಪಾ ಅಂದೆ. ಹೌದು ಆಂಟಿ, ಆದ್ರೆ ಈಗ ನಾನೂ ಒಳಗೇ ಅಂದ. ಬೀಗದ ಕೈ ಎಲ್ಲಿ ಅಂದೆ. ಐದನೇ ಮಹಡಿ ಬಾಗಿಲಲ್ಲೇ ನೇತಾಡ್ತಿದೆ ಅಂದ.’"

ಟೆಕ್ ಹೋ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದ, ಪ್ರಯೋಜನವಾಗಲಿಲ್ಲ. ಅವನ ಹೆಂಡತಿ ನಕ್ಕಳು, ಅವರ ಸೊಸೆ ನಕ್ಕಳು, ಬಡಿಸುವವನೂ ನಕ್ಕ. ಅಜ್ಜಿ ಮುಂದೆ ಓದಿದ ಪ್ರಕಾರ ಅದು ಹತ್ತು ನಿಮಿಷವಲ್ಲ, ಮೂರೂವರೆ ಗಂಟೆ. ಕೊನೆಗೆ ಐದನೆಯ ಮಹಡಿಯಲ್ಲಿ ಹಾದುಹೋಗುತ್ತಿದ್ದ ನೂಡಲ್ಸ್ ಮಾರುವವನೊಬ್ಬ ಆ ನೇತಾಡುವ ಬೀಗದ ಕೈ ತಿರುಗಿಸಿ ಎಂಟು ಜನರನ್ನೂ ಬಿಡಿಸಿದನಂತೆ. ಕ್ವೆಕ್ ತಲೆ ಎತ್ತಲಿಲ್ಲ. ನಾನು ಅವನ ಬಟ್ಟಲಿಗೆ ಚಹಾ ಸುರಿದೆ, ಮಾಡಲು ಬೇರೇನೂ ತೋಚಲಿಲ್ಲ.

"ನಕ್ಕಿದ್ದಾಯ್ತಾ?" ಎಂದಳು ಅಜ್ಜಿ. "ಇನ್ನೂ ಇದೆ." ಪರದೆಯನ್ನು ಬೆರಳಿನಿಂದ ಸರಿಸಿದಳು.

"‘ನಮ್ಮ ಜೊತೆ ಆರನೇ ಮಹಡಿ ಹುಡುಗಿ ಜಲೇಹಾ ಇದ್ಲು. ಎಂಟು ತಿಂಗಳ ಬಸುರಿ. ನಿಂತು ನಿಂತು ಕಾಲು ನಡುಗ್ತಿತ್ತು, ನೆಲದ ಮೇಲೆ ಕೂತ್ರೆ ಉಸಿರು ಕಟ್ತಿತ್ತು. ಈ ಹುಡುಗ ಕೈಕಾಲು ಊರಿ ಕುದುರೆ ಥರ ಬಗ್ಗಿ, ಅಕ್ಕಾ ನನ್ನ ಬೆನ್ನ ಮೇಲೆ ಕೂತ್ಕೊಳ್ಳಿ ಅಂದ. ಬಾಗಿಲು ತೆರೆಯೋ ತನಕ ಹಂಗೇ ಇದ್ದ. ಮೂರು ಗಂಟೆ. ಮಧ್ಯೆ ಮಧ್ಯೆ ಎಲ್ಲರಿಗೂ ಹೆದರಿಕೆ ಹೋಗ್ಲಿ ಅಂತ ನೆಲ ನೋಡ್ಕೊಂಡೇ ಏನೇನೋ ಬುರುಡೆ ಕಥೆ ಹೇಳ್ತಿದ್ದ. ಹೊರಗೆ ಬಂದ್ಮೇಲೆ ಅವನ ಕೈಲಿ ನೆಟ್ಟಗೆ ನಿಲ್ಲೋಕಾಗ್ಲಿಲ್ಲ. ನನ್ನ ಮಗಳು ಅವನಿಗೆ ಭುಜ ಕೊಟ್ಲು. ಅವತ್ತೇ ಅಂದ್ಕೊಂಡೆ, ಈ ಹುಡುಗನಿಗೆ ತಲೆ ಇಲ್ಲ, ಆದ್ರೆ ಬೆನ್ನು ಇದೆ. ಮಗಳನ್ನ ಕೊಟ್ರೆ ಇವನಿಗೇ ಕೊಡ್ಬೇಕು.’"

ಅಜ್ಜಿ ಹೊದಿಕೆ ಮುಚ್ಚಿ ಟ್ಯಾಬ್ಲೆಟನ್ನು ಚೀಲಕ್ಕೆ ಹಾಕಿಕೊಂಡಳು. ಟೆಕ್ ಹೋ ಕ್ವೆಕ್‌ನ ಮುಖ ನೋಡುತ್ತ ಸುಮ್ಮನೆ ಕೂತಿದ್ದ. ಆಮೇಲೆ ಎದ್ದು ಬಂದು, ಚಹಾದ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡು ಕೈಯಲ್ಲಿ ಹಿಡಿದು ಕ್ವೆಕ್‌ನ ಬಟ್ಟಲಿಗೆ ತುಂಬ ಸುರಿದ.

"ಇದನ್ನ ಯಾಕೆ ಯಾವತ್ತೂ ಹೇಳ್ಲಿಲ್ಲ ಭಾವ?"

"ಕುದುರೆ ಥರ ಬಗ್ಗಿದ್ದನ್ನ ಯಾರಾದ್ರೂ ಹೇಳ್ಕೊಳ್ತಾರಾ" ಎಂದ ಕ್ವೆಕ್.

ಗೆಕ್ ಲೆಂಗ್ ಆಗ ಮಾತಾಡಿದಳು. "ನಾನು ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಇವರು ಅಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ರು, ತಡೆಯೋಕೆ ಮನಸ್ಸು ಬರ್ಲಿಲ್ಲ." ಹೇಳಿ ಮೀನಿನ ಕೆನ್ನೆಯ ಮೆತ್ತನೆಯ ತುಂಡನ್ನು ತೆಗೆದು ಗಂಡನ ತಟ್ಟೆಗೆ ಇಟ್ಟಳು.

ಮನೆಗೆ ಬರುವಾಗ ಲಿಫ್ಟಿನಲ್ಲಿ ಅವನು ನನ್ನ ಕಿವಿಯ ಬಳಿ ಬಂದ. "ಮೇಷ್ಟ್ರೇ, ಮನೆಯವರಿಗೆ ಗೊತ್ತಾಯ್ತು, ಹೋಗ್ಲಿ. ಬ್ಲಾಕಿನವರಿಗೆ? ಸರದಿಯಲ್ಲಿ ಎಂಬತ್ತಾರು ಜನ. ಒಬ್ಬೊಬ್ಬರಿಗೆ ಇಪ್ಪತ್ತೊಂದು ದಿನ. ಎಷ್ಟಾಗುತ್ತೆ?"

"ಎಲ್ಲರೂ ಓದಿ ಮುಗಿಸೋಕೆ ಸಾವಿರದ ಎಂಟುನೂರ ಆರು ದಿನ. ಹತ್ತಿರ ಹತ್ತಿರ ಐದು ವರ್ಷ."

"ಐದು ವರ್ಷ" ಎಂದು ಅವನು ಸುಖವಾಗಿ ಉಸಿರು ಬಿಟ್ಟ. "ಅಲ್ಲೀವರೆಗೂ ಹತ್ತೇ ನಿಮಿಷ."

ಭಾನುವಾರ ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ. ಸೋಮವಾರ ಬೆಳಿಗ್ಗೆ ಗ್ರಂಥಾಲಯದಿಂದ ಎಲ್ಲರ ಫೋನಿಗೂ ಒಂದು ಸಂದೇಶ ಬಂತು. ಓದುಗರ ಅಪಾರ ಬೇಡಿಕೆಯನ್ನು ಗಮನಿಸಿ ಈ ಪುಸ್ತಕದ ಇನ್ನೂ ತೊಂಬತ್ತು ಪ್ರತಿಗಳನ್ನು ಕೊಂಡಿದ್ದೇವೆ, ಸರದಿಯಲ್ಲಿರುವ ಎಲ್ಲರೂ ಇಂದೇ ಓದಬಹುದು. ಹಸ್ಲಿಂಡಾ ಕ್ವೆಕ್‌ಗೆ ಬೇರೆಯಾಗಿ ಎರಡು ಸಾಲು ಬರೆದು, ಓದುವ ಅಭ್ಯಾಸ ಬೆಳೆಸಿದ್ದಕ್ಕೆ ಧನ್ಯವಾದ ಹೇಳಿದ್ದಳು.

ಆ ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲ. ಮಂಗಳವಾರ ಹಸಿವು ಗೆದ್ದಿತು. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ನನ್ನ ಬೆನ್ನ ಹಿಂದೆ ಅಡಗಿ ಕೆಳಗಿನ ಊಟದ ಮಳಿಗೆಗೆ ಬಂದ. ಜಾಗವೆಲ್ಲ ತುಂಬಿತ್ತು. ಎಲ್ಲರ ಕೈಯಲ್ಲೂ ಫೋನು. ನಾವು ಬಂದದ್ದು ಕಂಡು ಒಬ್ಬೊಬ್ಬರಾಗಿ ತಲೆ ಎತ್ತಿದರು. ಹನ್ನೆರಡನೆಯ ಮಹಡಿಯ ಹಿರಿಯರು ತಲೆಬಾಗಿದರು. ಬಡಾವಣೆ ಕಚೇರಿಯ ಅಧಿಕಾರಿಯೂ ಒಂದು ಮೂಲೆಯಲ್ಲಿದ್ದ, ಅವನೂ ತಲೆಬಾಗಿದ. ಯಾರೂ ನಗಲಿಲ್ಲ.

ನಡುವೆ ಒಂದೇ ಒಂದು ಮೇಜು ಖಾಲಿ ಇತ್ತು. ಅದರ ಮೇಲೆ ಒಂದು ಟಿಶ್ಯೂ ಪೊಟ್ಟಣ.

ಕ್ವೆಕ್ ಆ ಮೇಜಿನ ಪಕ್ಕ ನಿಂತ. ನಿಂತೇ ಇದ್ದ.

"ಕೂತ್ಕೋ" ಎಂದೆ.

"ಯಾರದ್ದೋ ಪೊಟ್ಟಣ ಇದೆ ಮೇಷ್ಟ್ರೇ."

"ನಿನಗೇ ಇಟ್ಟಿರಬಹುದು."

"ಇರಬಹುದು ಅಂತ ಕೂತ್ರೆ ಆಗುತ್ತಾ? ಯಾರೋ ತಿಂಡಿ ತರೋಕೆ ಹೋಗಿರ್ತಾರೆ."

ಜಲೇಹಾ ತಟ್ಟೆ ಹಿಡಿದು ಬಂದಳು. ತೆಂಗಿನಹಾಲಿನ ಅನ್ನ, ಅದರ ಮೇಲೆ ಎಂದಿನಂತೆ ಎರಡು ಮೊಟ್ಟೆ. ಅವಳ ಕಣ್ಣು ಒದ್ದೆಯಾಗಿತ್ತು, ಆದರೆ ದನಿ ದಿನದ ದನಿಯೇ.

"ಬೆಳಿಗ್ಗೆ ಆರು ಗಂಟೆಯಿಂದ ಕಾಯ್ತಿದೆ ಆ ಪೊಟ್ಟಣ. ನಾನೇ ಇಟ್ಟಿದ್ದು. ನನಗೆ ನೀವು ಮೂರು ಗಂಟೆ ಜಾಗ ಕೊಟ್ರಿ, ನಾನು ಒಂದು ಕುರ್ಚಿ ಕೊಡಬಾರದಾ? ಕೂತ್ಕೊಳ್ಳಿ ಅಣ್ಣ, ಅನ್ನ ಆರ್ತಿದೆ."

ಕ್ವೆಕ್ ಟೋಪಿ ತೆಗೆದ. ಆದರೂ ಇನ್ನೊಮ್ಮೆ ಸುತ್ತ ನೋಡಿ, ಬೇರೆ ಯಾರೂ ಆ ಮೇಜಿನ ಕಡೆ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಪೊಟ್ಟಣವನ್ನು ಜೋಪಾನವಾಗಿ ಜೇಬಿಗೆ ಇಟ್ಟು, ಕೂತ.